ಪ್ರತಿದ್ರವ್ಯದ ಪರಮಾಣು ಮೇಲಕ್ಕೆ ಹೋಗುತ್ತೋ, ಕೆಳಕ್ಕೆ ಬೀಳುತ್ತೋ? ಮಾವನ ಜೊತೆಗಿನ ವಾದ ಬಗೆಹರಿಸಿಕೊಡಿ

ಪಿಜೆ_ಬಡಾವಣೆ_ಬಿಎಸ್ಸಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದ್ತಿದೀನಿ. ನಿನ್ನೆ ಸಂಜೆ ಸೋದರಮಾವನ ಜೊತೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ದೆ. ಮಾತು ಎಲ್ಲಿಂದಲೋ ಶುರುವಾಗಿ ಆಂಟಿಮ್ಯಾಟರ್‌ಗೆ, ಅಂದ್ರೆ ಪ್ರತಿದ್ರವ್ಯಕ್ಕೆ, ಬಂದು ನಿಂತಿತು. ಮಾವ ಹೇಳಿದ್ದು: "ಚಾರ್ಜ್ ಉಲ್ಟಾ ಅಂದ್ಮೇಲೆ ತೂಕಾನೂ ಉಲ್ಟಾ ಇರಬೇಕು. ಕೈಬಿಟ್ರೆ ಮೇಲಕ್ಕೆ ಹೋಗ್ಬೇಕು." ಇಲ್ಲ ಮಾವ, 2023ರಲ್ಲಿ ಜಿನೀವಾ ಹತ್ರದ ಸರ್ನ್ ಪ್ರಯೋಗಶಾಲೆಯಲ್ಲಿ ಬಿಟ್ಟು ನೋಡಿದಾರೆ, ಕೆಳಗೇ ಬಿತ್ತಂತೆ ಅಂದೆ. ಅದಕ್ಕವರು, "ಎಲ್ಲಾ ವಸ್ತೂನೂ ಕೆಳಗೇ ಬೀಳ್ತವೆ. ಅದನ್ನ ನೋಡೋಕೆ ಅಷ್ಟು ವರ್ಷ, ಅಷ್ಟು ದುಡ್ಡು ಯಾಕೆ ಬೇಕಾಯ್ತು?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನನಗೇ ಇನ್ನೂ ಎರಡು ವಿಷಯ ತಿಳಿದಿಲ್ಲ. ಸಾಧಾರಣ ದ್ರವ್ಯವನ್ನ ಮುಟ್ಟಿದ ಕ್ಷಣಕ್ಕೆ ಇಲ್ಲವಾಗೋ ವಸ್ತುವನ್ನ ಯಾವ ಪಾತ್ರೆಯಲ್ಲಿ ಇಡ್ತಾರೆ? ಇಟ್ಟ ಮೇಲೆ ಅದು ಬಿತ್ತು ಅಂತ ಹೇಗೆ ಗೊತ್ತಾಗುತ್ತೆ?

ಚಳ್ಳಕೆರೆ_ಪಿಯು_ಮೇಡಂ · ಭಾನುವಾರ ರಾತ್ರಿ 11:05

ನಿಮ್ಮ ಮಾವನ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಾನು ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡೋಳು, ಪ್ರತಿ ವರ್ಷ ಒಬ್ಬರಾದರೂ ಇದನ್ನೇ ಕೇಳ್ತಾರೆ.

ಪ್ರತಿದ್ರವ್ಯದಲ್ಲಿ ಎಲ್ಲವೂ ಉಲ್ಟಾ ಇರಲ್ಲ. ಪಾಸಿಟ್ರಾನ್‌ಗೆ ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿ, ಚಾರ್ಜ್ ಮಾತ್ರ ಧನ. ಆಂಟಿಪ್ರೋಟಾನ್‌ಗೆ ಪ್ರೋಟಾನಿನಷ್ಟೇ ದ್ರವ್ಯರಾಶಿ, ಚಾರ್ಜ್ ಋಣ. ಒಂದು ಆಂಟಿಪ್ರೋಟಾನಿಗೆ ಒಂದು ಪಾಸಿಟ್ರಾನ್ ಜೊತೆಯಾದರೆ ಅದು ಆಂಟಿಹೈಡ್ರೋಜನ್. ಇಂಥ ಕಣಗಳ ಸುಳಿವು ಕೊಟ್ಟ ಸಮೀಕರಣವನ್ನು ಡಿರಾಕ್ ಬರೆದದ್ದು 1928ರಲ್ಲಿ. ಆಂಡರ್ಸನ್‌ಗೆ ಮೋಡಪೆಟ್ಟಿಗೆಯಲ್ಲಿ (ಕಣ ಹೋದ ದಾರಿ ಗೆರೆಯಾಗಿ ಕಾಣೋ ಪೆಟ್ಟಿಗೆ) ಪಾಸಿಟ್ರಾನ್ ಕಂಡದ್ದು 1932ರಲ್ಲಿ. ಬರ್ಕ್ಲಿಯಲ್ಲಿ ಆಂಟಿಪ್ರೋಟಾನ್ ಸಿಕ್ಕಿದ್ದು 1955ರಲ್ಲಿ. (ನಮ್ಮ ಹೋಮಿ ಭಾಭಾ 1930ರ ದಶಕದಲ್ಲೇ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ಡಿಕ್ಕಿಯಾದರೆ ಏನಾಗುತ್ತೆ ಅಂತ ಲೆಕ್ಕ ಹಾಕಿದ್ದರು. ಇವತ್ತಿಗೂ ಅದಕ್ಕೆ ಅವರ ಹೆಸರೇ ಇದೆ. ಆಮೇಲೆ ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದರು. ಆ ಸಂಸ್ಥೆಯ ಎರಡನೇ ಕ್ಯಾಂಪಸ್ಸು ಈಗ ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಅದನ್ನು ನೆನೆದಾಗಲೆಲ್ಲ ನನಗೆ ಖುಷಿ.)

ಎರಡೂ ಕಣ ಕೈಗೆ ಬಂದ ಮೇಲೂ ಪರಮಾಣು ಆಗೋಕೆ ಇನ್ನೂ 40 ವರ್ಷ ಹಿಡೀತು. 1995ರಲ್ಲಿ ಸರ್ನ್‌ನಲ್ಲಿ 9 ಆಂಟಿಹೈಡ್ರೋಜನ್ ಪರಮಾಣು ಹುಟ್ಟಿದವು. ಆದರೆ ಅವು ಬೆಳಕಿನ ವೇಗದ ಹತ್ತಿರ ಓಡ್ತಿದ್ದವು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 40 ಪಾಲು, ಅಷ್ಟೇ ಅವುಗಳ ಆಯಸ್ಸು. ಇದ್ದವು ಅಂತ ಹೇಳಬಹುದಿತ್ತು, ಪರೀಕ್ಷೆ ಮಾಡೋ ಹಾಗಿರಲಿಲ್ಲ.

"ಪರಮಾಣು ಆಗೋವರೆಗೆ ಯಾಕೆ ಕಾಯಬೇಕಿತ್ತು, ಒಂಟಿ ಆಂಟಿಪ್ರೋಟಾನನ್ನೇ ಬೀಳಿಸಬಹುದಿತ್ತಲ್ಲ?" ಅಂತ ಮಾವ ಕೇಳಬಹುದು. ಮೀಟರಿಗೆ ಒಂದು ವೋಲ್ಟಿನ ಕೋಟಿಯಲ್ಲಿ ಒಂದು ಪಾಲಿನಷ್ಟು ವಿದ್ಯುತ್ ಕ್ಷೇತ್ರ ಇದ್ದರೆ ಸಾಕು, ಆಂಟಿಪ್ರೋಟಾನಿನ ಮೇಲೆ ಭೂಮಿ ಎಳೆಯೋ ಬಲಕ್ಕೆ ಅದು ಸಮ. ಕೊಳವೆಯ ಗೋಡೆಗೆ ಅಂಟಿದ ಕಲ್ಮಶವೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕ್ಷೇತ್ರ ಹುಟ್ಟಿಸುತ್ತೆ. ಚಾರ್ಜ್ ಇರೋ ಕಣದ ತೂಕ ನೋಡೋದು ಅಂದ್ರೆ ಬಿರುಗಾಳಿಯಲ್ಲಿ ಹತ್ತಿಯ ಎಳೆ ತೂಗಿದ ಹಾಗೆ. ಅದಕ್ಕೇ ಚಾರ್ಜ್ ಸೊನ್ನೆ ಇರೋ ಪರಮಾಣುವೇ ಬೇಕಿತ್ತು, ಅದೂ ನಿಧಾನವಾಗಿ ಓಡಾಡೋದು.

ಉಳಿದದ್ದು ನಾಳೆ ಬರೀತೀನಿ, ಬೆಳಗ್ಗೆ ಮೊದಲ ಪೀರಿಯಡ್ ನನ್ನದೇ.

ಹರಿಹರ_ವೈಂಡಿಂಗ್ · ಸೋಮವಾರ ಬೆಳಗ್ಗೆ 7:15

ಮೇಡಂ, ನಾನು ಮೋಟ್ರು ರಿವೈಂಡಿಂಗ್ ಮಾಡೋನು, ಓದಿದ್ದು ಐಟಿಐ. ಇಪ್ಪತ್ತು ವರ್ಷದಿಂದ ತಾಮ್ರದ ತಂತಿ ಸುತ್ತೋದೇ ಕೆಲಸ. ಕಾಯ್ಲ್ ಹಾಕಿ ಹಿಡೀತಾರೆ ಅಂತ ಎಲ್ಲೋ ನೋಡಿದ್ದೆ. ಚಾರ್ಜೇ ಇಲ್ಲ ಅಂತೀರಿ, ಚಾರ್ಜ್ ಇಲ್ದ ಪರಮಾಣುನ ಕಾಯ್ಲ್ ಹೆಂಗ ಹಿಡಿತೈತಿ? ಆ ಕಾಯ್ಲ್ ಹೆಂಗ ಸುತ್ತ್ಯಾರ, ಅದನ್ನೂ ಸ್ವಲ್ಪ ಬಿಡಿಸಿ ಹೇಳ್ರಿ. ಅಂಗಡೀಲಿ ಹುಡುಗ್ರಿಗೂ ಓದಿ ಹೇಳ್ತೀನಿ.

ಚಳ್ಳಕೆರೆ_ಪಿಯು_ಮೇಡಂ · ಸೋಮವಾರ ಮಧ್ಯಾಹ್ನ 1:30

ಅಣ್ಣಾ, ಇದನ್ನ ನಿಮಗಿಂತ ಚೆನ್ನಾಗಿ ಯಾರೂ ಅರ್ಥ ಮಾಡ್ಕೊಳ್ಳಲ್ಲ. ಊಟದ ಬಿಡುವಿದೆ, ನಿಧಾನವಾಗಿ ಹೇಳ್ತೀನಿ.

ಪರಮಾಣುವಿಗೆ ಚಾರ್ಜ್ ಇಲ್ಲದಿದ್ದರೂ ಒಳಗಿರೋ ಪಾಸಿಟ್ರಾನ್ ಒಂದು ಪುಟ್ಟ ಕಡ್ಡಿ ಅಯಸ್ಕಾಂತ ಇದ್ದ ಹಾಗೆ. ಆ ಅಯಸ್ಕಾಂತ ಒಂದು ದಿಕ್ಕಿಗೆ ನಿಂತಿದ್ದರೆ ಪರಮಾಣು ಕ್ಷೇತ್ರ ಕಡಿಮೆ ಇರೋ ಕಡೆಗೆ ಜಾರುತ್ತೆ. ಹಾಗಾಗಿ ನಡುವೆ ಕ್ಷೇತ್ರ ಕಡಿಮೆ, ಎಲ್ಲ ಬದಿಗೂ ಜಾಸ್ತಿ ಆಗೋ ಹಾಗೆ ಕಾಯ್ಲ್ ಹಾಕಿದರೆ ಬಾಣಲಿಯ ತಳದಲ್ಲಿ ಗೋಲಿ ಓಡಾಡಿದ ಹಾಗೆ ಅದು ನಡುವಲ್ಲೇ ಓಡಾಡ್ತಾ ಇರುತ್ತೆ, ಗೋಡೆ ಮುಟ್ಟಲ್ಲ. ಅಯಸ್ಕಾಂತ ಬೇರೆ ದಿಕ್ಕಿಗೆ ನಿಂತ ಪರಮಾಣುಗಳು ಗೋಡೆಗೆ ಹೋಗಿ ನಾಶ ಆಗ್ತವೆ. ಅವು ಹೋದ ಹಾಗೆ.

ಆದರೆ ಈ ಬಾಣಲಿ ಬಹಳ ಆಳ ಇಲ್ಲ. ಒಂದು ಟೆಸ್ಲಾ ಆಸುಪಾಸಿನ ಕ್ಷೇತ್ರ ಕೊಟ್ಟರೂ ಅರ್ಧ ಕೆಲ್ವಿನ್‌ಗಿಂತ ತಣ್ಣಗಿರೋ ಪರಮಾಣು ಮಾತ್ರ ಒಳಗೆ ನಿಲ್ಲುತ್ತೆ. ಅಂದ್ರೆ ಸೊನ್ನೆಗಿಂತ 272 ಡಿಗ್ರಿಗೂ ಕೆಳಗೆ. ಅದಕ್ಕಿಂತ ಬಿಸಿ ಇದ್ದದ್ದು ಬಾಣಲಿಯ ಅಂಚು ಹಾರಿ ಹೋಗುತ್ತೆ.

ಈಗ ನಿಮ್ಮ ಕಸುಬಿನ ವಿಷಯ. ಸರ್ನ್‌ನ ಆಲ್ಫಾ ಪ್ರಯೋಗದಲ್ಲಿ ಸುತ್ತಲೂ ಎಂಟು ಧ್ರುವದ ಸೂಪರ್‌ಕಂಡಕ್ಟರ್ (ಬಹಳ ತಣ್ಣಗಾದಾಗ ಕರೆಂಟಿಗೆ ಅಡ್ಡಿಯೇ ಮಾಡದ ತಂತಿ) ವೈಂಡಿಂಗ್ ಇದೆ, ಎರಡೂ ತುದಿಗೆ ಮುಚ್ಚಳದ ಹಾಗೆ ದುಂಡು ಕಾಯ್ಲ್. ಮೋಟ್ರಿನ ಸ್ಟೇಟರ್ ಥರ ಕಬ್ಬಿಣದ ಕೋರ್ ಇಟ್ಟು ಸುತ್ತಿಲ್ಲ. ತಂತಿಯನ್ನ ನೇರವಾಗಿ ನಿರ್ವಾತ ಕೊಳವೆಯ ಮೇಲೇ ಸುತ್ತಿದಾರೆ, ದ್ರವ ಹೀಲಿಯಂನಲ್ಲಿ ಅದ್ದಿಟ್ಟಿದಾರೆ. ಯಾಕೆ ಗೊತ್ತಾ? ಪರಮಾಣು ಗೋಡೆಗೆ ತಗುಲಿ ನಾಶ ಆದಾಗ ಪಯಾನ್ ಅನ್ನೋ ಕಣಗಳು ಚಿಮ್ಮುತ್ತವೆ. ಅವು ಕಾಯ್ಲ್ ದಾಟಿ ಹೊರಗಿನ ಸಿಲಿಕಾನ್ ಡಿಟೆಕ್ಟರ್‌ಗೆ ಬಡಿಯಬೇಕು. ಆ ಗೆರೆಗಳನ್ನು ಹಿಂದಕ್ಕೆ ಎಳೆದರೆ ಎಲ್ಲಿ ಕೂಡ್ತವೋ ಅಲ್ಲೇ ಪರಮಾಣು ಸತ್ತಿದ್ದು. ನಡುವೆ ದಪ್ಪ ಕಬ್ಬಿಣ ಇದ್ದರೆ ಗೆರೆ ಅಡ್ಡಾದಿಡ್ಡಿ ಆಗಿ ಲೆಕ್ಕ ಕೆಡುತ್ತೆ. ಹಾಗಾಗಿ ಸುತ್ತಿದವರಿಗೆ ಕ್ಷೇತ್ರವೂ ಜೋರಾಗಿ ಬೇಕು, ಮೈಯೂ ತೆಳ್ಳಗೆ ಇರಬೇಕು. 2010ರ ಪ್ರಯೋಗದಲ್ಲಿ ಅಷ್ಟೆಲ್ಲ ಕರೆಂಟನ್ನು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಇಳಿಸಿ ಪರಮಾಣುಗಳನ್ನು ಬಿಟ್ಟು ಎಣಿಸಿದರು. 38 ಸಿಕ್ಕಿದವು. ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು ನಿಂತಿದ್ದವು. ಮರುವರ್ಷ ಅದೇ ಯಂತ್ರದಲ್ಲಿ 1,000 ಸೆಕೆಂಡ್ ನಿಲ್ಲಿಸಿದರು. ಹದಿನಾರು ನಿಮಿಷ! ಇದನ್ನ ಮೊದಲ ಸಲ ಓದಿದಾಗ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತಿದ್ದೆ.

ಹರಿಹರ_ವೈಂಡಿಂಗ್ · ಸೋಮವಾರ ಮಧ್ಯಾಹ್ನ 2:10

ಕೋರ್ ಇಲ್ದೆ, ಕೊಳವೆ ಮೇಲೇ ಎಂಟು ಪೋಲು. ತಂತಿ ಒಂದು ಎಳೆ ಜರುಗಿದ್ರೂ ಬಾಣಲಿ ಒಂದು ಕಡೆ ತಗ್ಗಾಗ್ತೈತಿ, ಗೋಲಿ ಅಲ್ಲಿಂದ ಹೊರಗ ಹೋಗ್ತೈತಿ. ಸುತ್ತಿದೋರ ಕೈಗೆ ನನ್ನ ನಮಸ್ಕಾರ ಹೇಳ್ತೀನಿ ಮೇಡಂ. ಇದು ಸುಲಭದ ಕೆಲಸ ಅಲ್ಲ.

ಸ್ಕ್ಯಾನ್_ರೂಮ್_ಅಕ್ಕ · ಸೋಮವಾರ ರಾತ್ರಿ 10:20

ಎಲ್ಲರೂ ಸರ್ನ್ ಸರ್ನ್ ಅಂತಿದೀರಿ. ನಾನು ದಾವಣಗೆರೆಯವಳು, ಬೆಂಗಳೂರಲ್ಲಿ ಪೆಟ್ ಸ್ಕ್ಯಾನ್ (ಮೈಯೊಳಗಿನ ಕ್ಯಾನ್ಸರ್‌ನಂಥ ಕಾಯಿಲೆ ಹುಡುಕೋ ಸ್ಕ್ಯಾನ್) ಟೆಕ್ನಿಷಿಯನ್. ಪ್ರತಿದ್ರವ್ಯ ನನ್ನ ದಿನದ ಕೆಲಸ. ಪೆಟ್‌ನಲ್ಲಿ "ಪೆ" ಅಂದ್ರೆ ಪಾಸಿಟ್ರಾನೇ.

ಬೆಳಗ್ಗೆ ಸೀಸದ ಡಬ್ಬಿಯಲ್ಲಿ ಪಾಸಿಟ್ರಾನ್ ಹೊರಬಿಡೋ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್ ಬರುತ್ತೆ. 110 ನಿಮಿಷಕ್ಕೆ ಅದರಲ್ಲಿ ಅರ್ಧ ಖಾಲಿ, ಇನ್ನು 110 ನಿಮಿಷಕ್ಕೆ ಉಳಿದಿದ್ದರಲ್ಲಿ ಅರ್ಧ. ಇಂಜೆಕ್ಷನ್ ಕೊಟ್ಟ ಮೇಲೆ ರೋಗಿ ಒಂದು ಗಂಟೆ ಸುಮ್ಮನೆ ಮಲಗಿರಬೇಕು. ಮಾತಾಡಬಾರದು, ಅಡಿಕೆ ಜಗಿಯಬಾರದು. ಜಗಿದರೆ ದವಡೆಯ ಸ್ನಾಯುಗಳು ಗ್ಲೂಕೋಸ್ ಎಳ್ಕೊಂಡು ಚಿತ್ರದಲ್ಲಿ ಅಲ್ಲೇ ಬೆಳಗ್ತವೆ. ಹೊರಬಂದ ಪಾಸಿಟ್ರಾನ್ ಮೈಯೊಳಗೆ ಒಂದು ಮಿಲಿಮೀಟರ್ ಆಸುಪಾಸು ಓಡಿ ಎಲೆಕ್ಟ್ರಾನ್ ಸಿಕ್ಕಿ ಇಲ್ಲವಾಗುತ್ತೆ. ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣ, ಒಂದೊಂದೂ 511 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸುತ್ತಲಿನ ಡಿಟೆಕ್ಟರ್ ಬಳೆ ಅವೆರಡನ್ನೂ ಒಟ್ಟಿಗೆ ಹಿಡಿಯುತ್ತೆ.

ಇನ್ನೊಂದು ವಿಷಯ ನನಗೂ ತಡವಾಗಿ ತಿಳಿದದ್ದು. ಬಹಳಷ್ಟು ಸಲ ಪಾಸಿಟ್ರಾನ್ ನಾಶವಾಗೋ ಮುಂಚೆ ಎಲೆಕ್ಟ್ರಾನ್ ಜೊತೆ ಒಂದು ಕ್ಷಣ ಜೋಡಿಯಾಗಿ ಒಂದನ್ನೊಂದು ಸುತ್ತುತ್ತೆ. ಅದಕ್ಕೆ ಪಾಸಿಟ್ರೋನಿಯಂ ಅಂತಾರೆ, 1951ರಲ್ಲಿ ಡಾಯ್ಚ್ ಕಂಡುಹಿಡಿದದ್ದು. ಅರ್ಧ ದ್ರವ್ಯ, ಅರ್ಧ ಪ್ರತಿದ್ರವ್ಯ ಇರೋ ಪರಮಾಣು. ಅಂಥವು ನನ್ನ ಮುಂದೆ ಮಲಗಿರೋ ಅಜ್ಜಿಯ ಮೈಯಲ್ಲಿ ಹುಟ್ಟಿ ಸಾಯ್ತಿರ್ತವೆ.

ಅಜ್ಜಿ ಅಂದಾಗ ಒಬ್ಬರು ನೆನಪಾದ್ರು. ನಾನು ಹೊಸದಾಗಿ ಸೇರಿದಾಗ ಒಂದಿನ ಔಷಧದ ಗಾಡಿ ಟ್ರಾಫಿಕ್ಕಲ್ಲಿ ಸಿಕ್ಕಿ ಎರಡು ಗಂಟೆ ತಡವಾಯ್ತು. ಡಬ್ಬಿ ಬರೋ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಕರಗಿತ್ತು. ನಾಲ್ವರಲ್ಲಿ ಇಬ್ಬರಿಗೆ ಸಾಕಾಯ್ತು, ಇಬ್ಬರನ್ನ ವಾಪಸ್ ಕಳಿಸಬೇಕಾಯ್ತು. ಅವರಲ್ಲೊಬ್ಬರು ಚಿತ್ರದುರ್ಗದಿಂದ ರಾತ್ರಿ ಬಸ್ಸಿಗೆ ಬಂದಿದ್ದ ಅಜ್ಜಿ, ಖಾಲಿ ಹೊಟ್ಟೆಯಲ್ಲಿ ಕೂತಿದ್ದರು. "ಔಷಧ ಕೆಟ್ಟೋಯ್ತಾ ಮಗಾ?" ಅಂದ್ರು. ಕೆಟ್ಟಿಲ್ಲ ಅಜ್ಜಿ, ಖರ್ಚಾಗೋಯ್ತು ಅಂದೆ. ಅವತ್ತಿಂದ 110 ನಿಮಿಷ ಅನ್ನೋದು ನನಗೆ ಬರೀ ಅಂಕಿ ಅಲ್ಲ.

ಪಿಜೆ_ಬಡಾವಣೆ_ಬಿಎಸ್ಸಿ · ಸೋಮವಾರ ರಾತ್ರಿ 10:45

ಅಕ್ಕಾ, ಇದನ್ನ ಮಾವಂಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ್ರು. ಹೋದ ವರ್ಷ ಅತ್ತೆಗೂ ಪೆಟ್ ಸ್ಕ್ಯಾನ್ ಆಗಿತ್ತು.

ಬಾಳೆಹಣ್ಣಿನಿಂದಲೂ ಪಾಸಿಟ್ರಾನ್ ಬರುತ್ತೆ ಅಂತಾರಲ್ಲ, ನಿಜಾನಾ?

ಚಳ್ಳಕೆರೆ_ಪಿಯು_ಮೇಡಂ · ಸೋಮವಾರ ರಾತ್ರಿ 11:00

ನಿಜ. ಹಣ್ಣಿನ ಪೊಟ್ಯಾಸಿಯಂನಲ್ಲಿ ಚೂರು ವಿಕಿರಣ ಸೂಸೋ ಪೊಟ್ಯಾಸಿಯಂ-40 ಇರುತ್ತೆ. ದೊಡ್ಡ ಹಣ್ಣಾದರೆ ಗಂಟೆಗೋ ಎರಡು ಗಂಟೆಗೋ ಒಂದು ಪಾಸಿಟ್ರಾನ್. ಅದರಿಂದ ಏನೂ ತೊಂದರೆ ಇಲ್ಲ, ಧಾರಾಳವಾಗಿ ತಿನ್ನಿ.

ಜಗಳೂರು_ಹೊಲ · ಮಂಗಳವಾರ ಬೆಳಗ್ಗೆ 6:05

ಎಲ್ಲಾ ಓದಿದೆ. ಸಿಟ್ಟಿಂದ ಬರೀತಿಲ್ಲ, ಹಂಗೆ ತಿಳ್ಕೋಬ್ಯಾಡ್ರಿ. ನಮ್ ಕಡೆ ಬೋರು ಕೊರೆಸಿದ್ರೆ ಬರೀ ಧೂಳು ಬರ್ತೈತಿ. ಮೆಕ್ಕೆಜೋಳ ಒಂದು ಮಳೆ ತಪ್ಪಿದ್ರೆ ಹೋತು. ಆ ಅಕ್ಕ ಹೇಳಿದ್ದು ಜೀವ ಉಳ್ಸೋ ಕೆಲಸ, ಒಪ್ತೀನಿ. ಆದ್ರೆ ಆ ಆಂಟಿಹೈಡ್ರೋಜನ್ ಕೆಳಗ ಬಿದ್ರೆ ಯಾರಿಗೇನು ಬಂತು? ಅದರಿಂದ ಕರೆಂಟಾದ್ರೂ ಬರ್ತೈತಾ?

ಚಳ್ಳಕೆರೆ_ಪಿಯು_ಮೇಡಂ · ಮಂಗಳವಾರ ಸಂಜೆ 5:50

ಯಜಮಾನ್ರೇ, ಕರೆಂಟ್ ಬರಲ್ಲ. ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸರ್ನ್ ಇಷ್ಟು ವರ್ಷ ಮಾಡಿದ ಪ್ರತಿದ್ರವ್ಯವನ್ನೆಲ್ಲ ಒಟ್ಟಿಗೆ ಉರಿಸಿದರೂ ಒಂದು ಬಲ್ಬು ಕೆಲವು ನಿಮಿಷ ಬೆಳಗಬಹುದು, ಅಷ್ಟೇ. ಅದನ್ನು ಮಾಡೋಕೆ ಖರ್ಚಾಗೋ ಕರೆಂಟಿನ ಮುಂದೆ ಅದು ಏನೇನೂ ಅಲ್ಲ. ಒಂದೊಂದು ಸಲಕ್ಕೆ ಹತ್ತು ಲಕ್ಷ ಕೋಟಿ ಪ್ರೋಟಾನ್ ಇರಿಡಿಯಂ ಲೋಹದ ತುಂಡಿಗೆ ಬಡಿದರೆ ಹಿಡಿಯೋಕೆ ಸಿಗೋದು ಸುಮಾರು ಮೂರು ಕೋಟಿ ಆಂಟಿಪ್ರೋಟಾನ್. ಅವನ್ನು 182 ಮೀಟರ್ ಸುತ್ತಳತೆಯ ಉಂಗುರದಲ್ಲಿ, ಆಮೇಲೆ ಎಲೆನಾ ಅನ್ನೋ 30 ಮೀಟರ್ ಉಂಗುರದಲ್ಲಿ ನಿಧಾನ ಮಾಡ್ತಾರೆ. ಕೊನೆಗೆ ಪಾಸಿಟ್ರಾನ್ ಜೊತೆ ಸೇರಿ ಬಾಣಲಿಯಲ್ಲಿ ನಿಲ್ಲೋ ಪರಮಾಣು ನೂರರ ಲೆಕ್ಕದಲ್ಲಿ.

1932ರಲ್ಲಿ ಆಂಡರ್ಸನ್‌ಗೆ ಪಾಸಿಟ್ರಾನ್ ಕಂಡಾಗ ಸ್ಕ್ಯಾನಿಂಗ್ ಯಂತ್ರದ ಯೋಚನೆ ಯಾರಿಗೂ ಇರಲಿಲ್ಲ, ಅದು ಬಂದದ್ದು ದಶಕಗಳ ನಂತರ. ಹಾಗಂತ ಆಂಟಿಹೈಡ್ರೋಜನ್ನಿಗೂ ಅಂಥದ್ದೇ ದಿನ ಬರುತ್ತೆ ಅಂತ ನಾನು ಮಾತು ಕೊಡಲಾರೆ. ನನಗೆ ಇದು ಮುಖ್ಯ ಅನ್ನಿಸೋಕೆ ಕಾರಣವೇ ಬೇರೆ. ಶಕ್ತಿಯಿಂದ ಕಣ ಹುಟ್ಟೋದನ್ನು ಪ್ರಯೋಗಶಾಲೆಯಲ್ಲಿ ಎಷ್ಟು ಸಲ ನೋಡಿದರೂ ಕಣ, ಪ್ರತಿಕಣ ಜೋಡಿಯಾಗಿಯೇ ಹುಟ್ಟುತ್ತವೆ. ಬ್ರಹ್ಮಾಂಡದ ಆರಂಭದಲ್ಲೂ ಹಾಗೇ ಸಮಸಮ ಹುಟ್ಟಿದ್ದರೆ ಎಲ್ಲವೂ ಒಂದನ್ನೊಂದು ಇಲ್ಲವಾಗಿಸಿ ಬರೀ ಬೆಳಕು ಉಳಿಯಬೇಕಿತ್ತು. ಆದರೆ ನಿಮ್ಮ ಹೊಲ ಇದೆ, ಮೆಕ್ಕೆಜೋಳ ಇದೆ, ಈ ದುರ್ಗದ ಬಂಡೆ ಇದೆ. ನೂರು ಕೋಟಿ ಜೋಡಿಗೆ ಸುಮಾರು ಒಂದು ಕಣದಷ್ಟು ದ್ರವ್ಯ ಹೆಚ್ಚಾಗಿ ಉಳೀತು, ಅದೇ ನಾವು. ಯಾಕೆ ಉಳೀತು ಅನ್ನೋದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಯಾರ ಹತ್ರವೂ ಇಲ್ಲ.

ಎಲ್ಲೋ ದ್ರವ್ಯಕ್ಕೂ ಪ್ರತಿದ್ರವ್ಯಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇರಬೇಕು. ಅದಕ್ಕೇ ಒಂದೊಂದೇ ಗುಣವನ್ನು ಹಿಡಿದು ಪಕ್ಕಪಕ್ಕ ಇಟ್ಟು ಅಳೀತಿದಾರೆ. ಹೈಡ್ರೋಜನ್ನಿಗೆ 243 ನ್ಯಾನೋಮೀಟರ್ ಲೇಸರ್ ಬಿಟ್ಟರೆ ಎರಡು ಫೋಟಾನ್ ಒಟ್ಟಿಗೆ ನುಂಗಿ ಮೇಲಿನ ಮಟ್ಟಕ್ಕೆ ಏರುತ್ತೆ. ಆ ಏರಿಕೆಯ ಆವರ್ತನ ಸೆಕೆಂಡಿಗೆ ಸುಮಾರು 2,466 ಲಕ್ಷ ಕೋಟಿ ಸಲ. ಆಂಟಿಹೈಡ್ರೋಜನ್ನಿನಲ್ಲೂ ಅದೇ ಏರಿಕೆ 2016ರಲ್ಲಿ ಕಂಡಿತು. 2018ರ ಹೊತ್ತಿಗೆ ಲಕ್ಷ ಕೋಟಿಯಲ್ಲಿ 2 ಪಾಲಿನಷ್ಟು ನಿಖರವಾಗಿ ಅಳೆದರು. ಅಷ್ಟರವರೆಗೂ ವ್ಯತ್ಯಾಸ ಇಲ್ಲ.

"ವ್ಯತ್ಯಾಸ ಇಲ್ಲ ಅಂತ ಸಿದ್ಧಾಂತವೇ ಹೇಳುತ್ತಲ್ಲ" ಅಂದ್ರೆ ನಾನು ಮಕ್ಕಳಿಗೆ ಭೌತವಿಜ್ಞಾನಿ ವೂ ಚಿಯೆನ್-ಶಿಯುಂಗ್ ಕಥೆ ಹೇಳ್ತೀನಿ. ಪ್ರಕೃತಿಯ ನಿಯಮ ಕನ್ನಡಿಯೊಳಗೂ ಹೊರಗೂ ಒಂದೇ ಅಂತ ಎಲ್ಲರೂ ನಂಬಿದ್ದ ಕಾಲ. ಆಕೆ ಕೋಬಾಲ್ಟ್-60 ಪರಮಾಣುಗಳನ್ನು ತಣ್ಣಗೆ ಮಾಡಿ ಒಂದೇ ದಿಕ್ಕಿಗೆ ನಿಲ್ಲಿಸಿ ನೋಡಿದರು. ಅವುಗಳಿಂದ ಹೊರಬಂದ ಎಲೆಕ್ಟ್ರಾನ್‌ಗಳು ಒಂದು ಕಡೆಗೇ ಹೆಚ್ಚು ಹಾರಿದವು. 1957ರಲ್ಲಿ ಆ ನಂಬಿಕೆ ಮುರಿದುಬಿತ್ತು. ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ, ಅಷ್ಟೇ.

ಜಗಳೂರು_ಹೊಲ · ಮಂಗಳವಾರ ರಾತ್ರಿ 8:30

ನೂರು ಕೋಟಿಗೆ ಒಂದು ಉಳಿದಿದ್ದು ನಾವು ಅಂದ್ರಲ್ಲ, ಅದನ್ನ ಮನ್ಯಾಗ ಎಲ್ಲಾರಿಗೂ ಹೇಳಿದೆ. ಇರ್ಲಿ ಮೇಡಂ, ಅಳೀಲಿ. ಆ ಬೀಳ್ಸಿದ ಕತಿ ಅರ್ಧಕ್ಕ ನಿಂತೈತಿ, ಮುಗಿಸ್ರಿ.

ತೋಳಹುಣಸೆ_ಎಂಎಸ್ಸಿ · ಮಂಗಳವಾರ ರಾತ್ರಿ 9:55

ಮೇಡಂ ಅನುಮತಿ ಕೊಟ್ಟರೆ ಇದನ್ನ ನಾನು ಹೇಳ್ತೀನಿ, ಸೆಮಿನಾರ್‌ಗೆ ಇದೇ ವಿಷಯ ತಗೊಂಡಿದ್ದೆ.

ಅರ್ಧ ಕೆಲ್ವಿನ್ ತಣ್ಣಗಿದ್ದರೂ ಆ ಪರಮಾಣು ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ ಓಡ್ತಿರುತ್ತೆ. ಕಲ್ಲು ಬಿಟ್ಟ ಹಾಗೆ ಬಿಟ್ಟು ನೋಡೋಕಾಗಲ್ಲ. ಆಲ್ಫಾ-ಜಿ ಅನ್ನೋ ಯಂತ್ರವನ್ನ ನೆಟ್ಟಗೆ ಕಂಬದ ಹಾಗೆ ನಿಲ್ಲಿಸಿದರು. ಮೇಲಿನ ಮುಚ್ಚಳದ ಕಾಯ್ಲ್‌ಗೂ ಕೆಳಗಿನದಕ್ಕೂ ಸುಮಾರು 25 ಸೆಂಟಿಮೀಟರ್ ಅಂತರ. ಒಂದು ಸಲಕ್ಕೆ ಸುಮಾರು ನೂರು ಪರಮಾಣು ತುಂಬಿ, ಎರಡೂ ಮುಚ್ಚಳದ ಕರೆಂಟನ್ನು 20 ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿಸಿದರು. ಎಷ್ಟು ಮೇಲಿಂದ ಹೋದವು, ಎಷ್ಟು ಕೆಳಗಿಂದ ಹೋದವು ಅಂತ ಎಣಿಸಿದರು. ಸುಮಾರು ನೂರಕ್ಕೆ 80 ಕೆಳಗಿಂದ ಹೋದವು. ಸಾಧಾರಣ ಹೈಡ್ರೋಜನ್ ಇದ್ದಿದ್ದರೂ ಹಾಗೇ ಹೋಗ್ತಿತ್ತು ಅಂತ ಲೆಕ್ಕ ಹೇಳುತ್ತೆ.

ಅಷ್ಟಕ್ಕೇ ಬಿಡಲಿಲ್ಲ. ತಕ್ಕಡಿಯ ಹಾಗೆ ಕೆಳಗಿನ ಮುಚ್ಚಳವನ್ನು ಚೂರು ಬಲ ಮಾಡಿ, ಮೇಲಿನದನ್ನು ಚೂರು ಬಲ ಮಾಡಿ, ಎಲ್ಲಿಗೆ ತಂದರೆ ಮೇಲೂ ಕೆಳಗೂ ಸಮ ಹೋಗ್ತವೆ ಅಂತ ನೋಡಿದರು. ಹರಿಹರದ ಅಣ್ಣನಿಗೆ ಒಂದು ಅಂಕಿ: ಆ 25 ಸೆಂಟಿಮೀಟರಿನಲ್ಲಿ ಗುರುತ್ವಕ್ಕೆ ಸಮನಾದ ಕ್ಷೇತ್ರದ ವ್ಯತ್ಯಾಸ 4.53 ಗಾಸ್ (ಹತ್ತು ಸಾವಿರ ಗಾಸ್ ಅಂದ್ರೆ ಒಂದು ಟೆಸ್ಲಾ). ಬಾಣಲಿಯ ಕ್ಷೇತ್ರ ಸಾವಿರಾರು ಗಾಸ್.

2023ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಪ್ರಕಟ ಆಯ್ತು. ಪ್ರತಿದ್ರವ್ಯ ಬೀಳೋ ವೇಗೋತ್ಕರ್ಷ ನಮ್ಮ ಗುರುತ್ವದ 0.75 ಪಟ್ಟು.

ಪಿಜೆ_ಬಡಾವಣೆ_ಬಿಎಸ್ಸಿ · ಮಂಗಳವಾರ ರಾತ್ರಿ 10:10

0.75 ಅಂದ್ರೆ ಕಾಲು ಭಾಗ ನಿಧಾನವಾಗಿ ಬೀಳುತ್ತೆ ಅಂತಾನಾ? ಹಾಗಿದ್ರೆ ವ್ಯತ್ಯಾಸ ಸಿಕ್ಕೇ ಬಿಡ್ತಲ್ಲ!

ತೋಳಹುಣಸೆ_ಎಂಎಸ್ಸಿ · ಮಂಗಳವಾರ ರಾತ್ರಿ 10:25

ಇಲ್ಲ ತಮ್ಮಾ, ನಾನು ಪೂರ್ತಿ ಹೇಳಬೇಕಿತ್ತು. ಅಳತೆಯ ದೋಷ 0.13, ಲೆಕ್ಕಾಚಾರದ ಮಾದರಿಯಿಂದ ಬರೋ ದೋಷ 0.16. ಎರಡೂ ಸೇರಿಸಿದರೆ ಹೆಚ್ಚುಕಮ್ಮಿ 0.2. 0.75 ಮತ್ತು 1 ನಡುವೆ ಇರೋ 0.25 ಆ ದೋಷಕ್ಕಿಂತ ಬಹಳ ದೊಡ್ಡದೇನಲ್ಲ. ಅದನ್ನು ವ್ಯತ್ಯಾಸ ಅಂತ ಕರೆಯೋಕೆ ಬರಲ್ಲ. ಮೇಲಕ್ಕೆ ಹೋಗಲ್ಲ ಅನ್ನೋದು ಮಾತ್ರ ಖಚಿತ. ನೂರರಲ್ಲಿ ಒಂದು ಪಾಲಿನಷ್ಟು ನಿಖರವಾಗಬೇಕಾದರೆ ಪರಮಾಣು ಇನ್ನೂ ತಣ್ಣಗಿರಬೇಕು. 2021ರಲ್ಲಿ ಲೇಸರ್‌ನಿಂದ ಆಂಟಿಹೈಡ್ರೋಜನ್ನನ್ನು ತಣಿಸೋದು ಸಾಧ್ಯ ಅಂತ ಅದೇ ತಂಡ ತೋರಿಸಿದೆ.

ಹರಿಹರ_ವೈಂಡಿಂಗ್ · ಬುಧವಾರ ಬೆಳಗ್ಗೆ 7:00

4.53 ಗಾಸ್! ಸ್ಪೀಕರಿನ ಹಳೇ ಮ್ಯಾಗ್ನೆಟ್ ಒಂದು ಗೇಣು ದೂರ ಇಟ್ರೂ ಕಾಂಪಾಸು ಅಲ್ಲಾಡ್ತೈತಿ. ಸಾವಿರಾರು ಗಾಸಿನ ನಡುವೆ ನಾಕೂವರೆ ಹುಡುಕ್ಯಾರ. ರಾತ್ರಿ ನಿದ್ದಿ ಬರ್ಲಿಲ್ಲ ಮೇಡಂ.

ಒಂದು ಕೇಳ್ತೀನಿ. ನಮ್ಮ ಕೈಲಿ ಏನಾದ್ರೂ ನೋಡಾಕ ಆಗ್ತೈತಾ? ಪಾಸಿಟ್ರಾನ್ ಒಂದಾದ್ರೂ?

ಚಳ್ಳಕೆರೆ_ಪಿಯು_ಮೇಡಂ · ಬುಧವಾರ ಸಂಜೆ 6:15

ಆಗಬಹುದು ಅಣ್ಣಾ. ನಮ್ಮ ಕಾಲೇಜಿನಲ್ಲಿ ಮೀನಿನ ಗಾಜಿನ ತೊಟ್ಟಿಯಿಂದ ಮೋಡಪೆಟ್ಟಿಗೆ ಮಾಡಿದೀನಿ. ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಉಣ್ಣೆ ಬಟ್ಟೆ, ಕೆಳಗೆ ಕಪ್ಪು ತಗಡು, ಅದರಡಿ ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್). ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ಹತ್ತು ನಿಮಿಷ ಕಾದರೆ ತಗಡಿನ ಮೇಲೆ ಬಿಳಿ ಗೆರೆಗಳು ಮೂಡಿ ಮೂಡಿ ಕರಗುತ್ತವೆ. ಗಿಡ್ಡ ದಪ್ಪ ಗೆರೆ ಆಲ್ಫಾ ಕಣ (ಸರ್ನ್‌ನ ಆಲ್ಫಾ ಪ್ರಯೋಗ ಬೇರೆ, ಇದು ಬೇರೆ), ಉದ್ದನೆಯ ನೇರ ಗೆರೆ ಆಕಾಶದಿಂದ ಬಂದ ಮ್ಯೂಯಾನ್ ಅನ್ನೋ ಕಣ. ಅಂಕುಡೊಂಕಾದ ತೆಳು ಗೆರೆ ಎಲೆಕ್ಟ್ರಾನ್, ಅಥವಾ ಪಾಸಿಟ್ರಾನ್. ಯಾವುದು ಅಂತ ಹೇಳೋಕೆ ಕಾಂತಕ್ಷೇತ್ರ ಬೇಕು, ಅದು ನಮ್ಮ ಹತ್ರ ಇಲ್ಲ. ಸಾವಿರ ಗಾಸ್ ಇದ್ದರೆ ನಮಗೆ ಕಾಣೋ ಕಣಗಳ ಗೆರೆ ಸುಮಾರು 5 ಸೆಂಟಿಮೀಟರ್ ತ್ರಿಜ್ಯಕ್ಕೆ ಬಾಗುತ್ತೆ, ಕಣ್ಣಿಗೆ ಗೊತ್ತಾಗುತ್ತೆ.

ಒಂದು ತೊಡಕಿದೆ. ಎಡದಿಂದ ಬಲಕ್ಕೆ ಹೋಗೋ ಪಾಸಿಟ್ರಾನಿನ ಗೆರೆಯೂ ಬಲದಿಂದ ಎಡಕ್ಕೆ ಬರೋ ಎಲೆಕ್ಟ್ರಾನಿನ ಗೆರೆಯೂ ನೋಡೋಕೆ ಒಂದೇ. ಆಂಡರ್ಸನ್ ಪೆಟ್ಟಿಗೆಯ ನಡುವೆ 6 ಮಿಲಿಮೀಟರ್ ಸೀಸದ ಹಲಗೆ ಇಟ್ಟಿದ್ದರು. ಹಲಗೆ ದಾಟಿದ ಮೇಲೆ ಕಣ ನಿಧಾನ ಆಗಿ ಹೆಚ್ಚು ಬಾಗುತ್ತೆ. ಹೆಚ್ಚು ಬಾಗಿದ ಕಡೆಗೇ ಅದು ಹೋಗಿದ್ದು. ಆ ಒಂದು ಹಲಗೆಯಿಂದ ದಿಕ್ಕು ಸಿಕ್ಕಿತು, ದಿಕ್ಕಿನಿಂದ ಚಾರ್ಜ್ ಸಿಕ್ಕಿತು.

ಹರಿಹರ_ವೈಂಡಿಂಗ್ · ಬುಧವಾರ ರಾತ್ರಿ 8:40

ಸಾವಿರ ಗಾಸ್ ನನ್ನ ಮೇಲೆ ಬಿಡ್ರಿ. ತೊಟ್ಟಿ ಅಳತೆ ಕಳಿಸ್ರಿ, ಉದ್ದ, ಅಗಲ, ಎತ್ತರ, ಗಾಜಿನ ದಪ್ಪಾನೂ. ಹಳೇ ಟ್ರಾನ್ಸ್‌ಫಾರ್ಮರ್ ಪಟ್ಟಿಯಿಂದ ಕೋರ್ ಕಟ್ಟಿ ಸುತ್ತಿ ಕೊಡ್ತೀನಿ. ಸೀಸಾನೂ ಐತಿ, ಬ್ಯಾಟ್ರಿದು.

ಚಳ್ಳಕೆರೆ_ಪಿಯು_ಮೇಡಂ · ಬುಧವಾರ ರಾತ್ರಿ 9:05

ಬ್ಯಾಟರಿ ಸೀಸ ಮುಟ್ಟೋದೇ ಬೇಡ ಅಣ್ಣಾ. ನಮ್ಮ ಕಣಗಳಿಗೆ ಅಷ್ಟು ಶಕ್ತಿ ಇಲ್ಲ, ಸೀಸ ದಾಟದೆ ಅಲ್ಲೇ ನಿಂತುಬಿಡ್ತವೆ. ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸಾಕು. ತೊಟ್ಟಿ 30, 20, 20 ಸೆಂಟಿಮೀಟರ್, ಗಾಜು 4 ಮಿಲಿಮೀಟರ್. ಅಷ್ಟಕ್ಕೂ ಕ್ಷೇತ್ರ ತುಂಬಿಸೋದು ಕಷ್ಟ ಆದರೆ ನಡುವಿನ 10 ಸೆಂಟಿಮೀಟರಿಗೆ ಕೊಡಿ. ತಳದ ಒಂದೆರಡು ಸೆಂಟಿಮೀಟರ್ ಎತ್ತರದಲ್ಲೇ ಗೆರೆ ಮೂಡೋದು.

ಪಿಜೆ_ಬಡಾವಣೆ_ಬಿಎಸ್ಸಿ · ಬುಧವಾರ ರಾತ್ರಿ 9:20

ಡ್ರೈ ಐಸ್ ನಾನು ತರ್ತೀನಿ. ದಾವಣಗೆರೆಯಿಂದ ಬೆಳಗ್ಗೆ ಬಸ್ಸಿಗೆ ಹೊರಟರೆ ಚಳ್ಳಕೆರೆಗೆ ಬರೋ ಹೊತ್ತಿಗೆ ಎಷ್ಟು ಉಳಿಯುತ್ತೆ ಮೇಡಂ? ಥರ್ಮೊಕೋಲ್ ಡಬ್ಬಿಗೆ ಮುಚ್ಚಳ ಬಿಗಿಯಾಗಿ ಹಾಕಬಹುದಾ? ಮಾವನೂ ಬರ್ತಾರಂತೆ.

ಚಳ್ಳಕೆರೆ_ಪಿಯು_ಮೇಡಂ · ಬುಧವಾರ ರಾತ್ರಿ 9:30

ಬಿಗಿ ಮಾಡಲೇಬೇಡ, ಗಾಳಿ ಆಡೋಕೆ ಸಂದು ಬಿಡು, ಇಲ್ಲಾಂದ್ರೆ ಡಬ್ಬಿ ಒಡೆಯುತ್ತೆ. ಬಸ್ಸಿನಲ್ಲಿ ಕಿಟಕಿ ತೆಗೆದಿಟ್ಟು ಕೂತ್ಕೋ, ಬರಿಗೈಯಲ್ಲಿ ಮುಟ್ಟಬೇಡ. ಐದು ಕಿಲೋ ತಂದರೆ ಮೂರಾದರೂ ಉಳಿಯುತ್ತೆ, ನಮಗೆ ಎರಡು ಸಾಕು. ಮಾವನಿಗೆ ಟಾರ್ಚ್ ಹಿಡಿಯೋ ಕೆಲಸ.